ಬೇಡ ಎನ್ನಲು ಕೂಡಿಟ್ಟದ್ದು

ಗದಗ
ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು, ಬಿಸಿಲರಜೆಯ ಮೂರನೆಯ ವಾರ

ನಮಗಿಂತ ಮೊದಲು ಬಾಳಿದ ಹಿರಿಯರಿಗೆ ಶಾಂಭವಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ನಕ್ಕರೂ ನಕ್ಕೀರಿ. ನಗಬೇಡಿ ಎನ್ನುವ ಅಧಿಕಾರ ನನಗಿಲ್ಲ. ನೀವು ಇದನ್ನು ಓದುವ ಹೊತ್ತಿಗೆ ನಾನಿನ್ನೂ ಹುಟ್ಟಿಯೇ ಇರುವುದಿಲ್ಲ. ನಡುನಡುವೆ ನಿಮಗೆ ಗೊತ್ತಿಲ್ಲದ ಮಾತುಗಳು ಬರುತ್ತವೆ, ಕ್ಷಮಿಸಿ, ಬಂದಲ್ಲಿಯೇ ಬಿಡಿಸಿ ಹೇಳುತ್ತೇನೆ. ಬಿಸಿಲರಜೆ ಎಂದರೆ ಹಗಲಲ್ಲಿ ಯಾರೂ ಹೊರಗೆ ದುಡಿಯಬಾರದೆಂದು ಕಾಯಿದೆ ಇರುವ ವಾರಗಳು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಒಳಗಿರುತ್ತದೆ. ನನಗೆ ಕೂತು ಅಭ್ಯಾಸವಿಲ್ಲ. ಬೆಳಗಿನಿಂದ ಅಡುಗೆಮನೆಗೂ ಪಡಸಾಲೆಗೂ ನಡುವೆ ಸುತ್ತಿ ಸುತ್ತಿ, ಕೊನೆಗೆ ಈ ಕಾಗದ ಹಿಡಿದು ಕೂತಿದ್ದೇನೆ. ಹೋದ ವಾರ ನಮ್ಮ ಮನೆಯಲ್ಲಿ ಒಂದು ತೀರ್ಮಾನವಾಯಿತು. ಅದು ಸರಿಯೋ ತಪ್ಪೋ ಎಂದು ನೆರೆಯವರನ್ನು ಕೇಳುವಂತಿಲ್ಲ, ಅವರ ಮುಖದಲ್ಲೇ ಉತ್ತರ ಕಾಣಿಸುತ್ತದೆ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ನಮ್ಮ ಕಾಲದ ಕಾಟದ ಹೆಸರು ಬಯಕೆಪಟ್ಟಿ. ಕೆಲಸಕ್ಕೆ ಸೇರಿದ ದಿನವೇ ಅದನ್ನು ಮಣಿಕಟ್ಟಿಗೆ ಕಟ್ಟುತ್ತಾರೆ, ಬಿಟ್ಟಿಯಾಗಿ. ಯಾವುದಾದರೂ ವಸ್ತು ಕಂಡು ಆಸೆಯಾದರೆ ನಾಡಿ ತುಸು ಬಿಗಿಯುತ್ತದಲ್ಲ, ಪಟ್ಟಿಗೆ ಅಷ್ಟು ಸಾಕು. ನಾವು ಬಾಯಿ ತೆರೆಯುವ ಮೊದಲೇ ಅದು ವಸ್ತುವನ್ನು ಕೊಂಡು ಪಗಾರದಲ್ಲಿ ಮುರಿದುಕೊಂಡಿರುತ್ತದೆ. ಸಂಜೆಯೊಳಗೆ ಹಾರುಬುಟ್ಟಿ ಬಂದು ಮಾಳಿಗೆಯ ಮೇಲೆ ಇಳಿಸಿ ಹೋಗುತ್ತದೆ. ಪಗಾರ ಸಾಲದಿದ್ದರೆ ಮುಂದಿನ ತಿಂಗಳಿನದರಲ್ಲಿ ಹಿಡಿಯುತ್ತಾರೆ. ಇದಕ್ಕೆ ಮುಂಗೂಳು ಎನ್ನುತ್ತೇವೆ, ನಾಳಿನ ಕೂಳನ್ನು ಇಂದೇ ಉಣ್ಣುವುದು. ನಾನು ಬೀಜಭಂಡಾರದಲ್ಲಿ ಬೀಜ ಪರೀಕ್ಷಿಸುವವಳು, ನನ್ನ ಗಂಡ ಯಮನೂರಪ್ಪ ಕಪ್ಪತ್ತಗುಡ್ಡದ ಗಾಳಿಯಂತ್ರಗಳ ರೆಕ್ಕೆ ರಿಪೇರಿ ಮಾಡುವವರು. ಇಬ್ಬರ ಕೈಗೂ ಪಟ್ಟಿ ಇತ್ತು. ಮನೆಯಲ್ಲಿ ಹಾಡುವ ದೀಪಗಳಿದ್ದವು, ಬಣ್ಣ ಬದಲಿಸುವ ಶಾಲು ಇತ್ತು, ಒಂದೇ ಮೊಟ್ಟೆ ಬೇಯಿಸುವ ಪಾತ್ರೆ ಇತ್ತು. ನಮ್ಮ ಮನೆಯಲ್ಲಿ ಯಾರೂ ಮೊಟ್ಟೆ ತಿನ್ನುವುದಿಲ್ಲ. ಬಂದ ವಸ್ತುವಿನ ಹೊದಿಕೆ ಬಿಚ್ಚುವಾಗಲೇ ಕಣ್ಣು ಇನ್ನೊಂದರ ಮೇಲೆ ಹೋಗಿರುತ್ತಿತ್ತು. ಒಂದು ಕಡೆ ನಿಂತು ಒಂದು ಲೋಟ ನೀರು ಕುಡಿದ ನೆನಪು ಆ ವರ್ಷಗಳದ್ದು ನನಗಿಲ್ಲ.

ಒಂದು ಆಷಾಢದಲ್ಲಿ ಗುಡ್ಡದ ಮೇಲೆ ಹುಚ್ಚುಗಾಳಿ ಎದ್ದಿತ್ತು. ಒಂದು ಯಂತ್ರದ ರೆಕ್ಕೆ ಸಡಿಲಾಗಿದೆ, ಹತ್ತಿ ಬಿಗಿ ಮಾಡು ಎಂದು ಮೇಲಿನವನು ಹೇಳಿದ. ಅಂಥ ಗಾಳಿಯಲ್ಲಿ ಹತ್ತಬಾರದು, ಅದು ಹತ್ತು ಎಂದವನಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಯಮನೂರಪ್ಪ ಹತ್ತಿದರು. ಅರ್ಧಕ್ಕೆ ಹೋದಾಗ ಸೊಂಟದ ಹಗ್ಗದ ಕೊಂಡಿ ಕಳಚಿತು. ಕಂಬವನ್ನು ಅಪ್ಪಿಕೊಂಡು, ಗಾಳಿ ತುಸು ಇಳಿಯುವ ತನಕ ಹಾಗೇ ಇದ್ದು, ಹೇಗೋ ಜಾರಿ ಕೆಳಗೆ ಬಂದರು. ಮನೆಗೆ ಬಂದವರು ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ಕೂತುಬಿಟ್ಟರು. ಎದೆಯ ಅಂಗಿ ಹರಿದು ಚರ್ಮ ಕೆಂಪಾಗಿತ್ತು.

"ಯಾಕ ಹತ್ತಿದ್ರಿ? ಆಗಂಗಿಲ್ಲ ಅನ್ನಬೇಕಿಲ್ಲೇನು?" ಎಂದು ಸಿಟ್ಟಾದೆ.

"ಬ್ಯಾಡ ಅನ್ನಾಕ ಬಾಯೇ ಬರಲಿಲ್ಲ, ಶಾಂಭವಿ. ಕೆಲಸ ಬಿಡಿಸಿದ್ರ ನಾಳೆ ಏನು ಉಣ್ಣೂಣು? ಮುಂದಿನ ತಿಂಗಳ ಪಗಾರ ಆಗಲೇ ಉಂಡುಬಿಟ್ಟೀವಿ."

ಮಾಳಿಗೆಯ ಮೇಲೆ ಹಾರುಬುಟ್ಟಿ ಇಳಿದ ಸದ್ದು ಆಗಲೇ ಕೇಳಿಸಿತು. ಏನು ಬಂದಿತ್ತೋ, ಇಬ್ಬರಿಗೂ ನೆನಪಿಲ್ಲ. ನನ್ನ ಅತ್ತೆ ದ್ಯಾಮವ್ವ ತರಕಾರಿ ಹೆಚ್ಚುತ್ತ ಕೂತಿದ್ದರು. ಮಗ ಅವರ ಮುಂದಿನ ಈಳಿಗೆಯನ್ನು ಎಳೆದುಕೊಂಡು, ಪಟ್ಟಿಯನ್ನು ಕೊಯ್ದು ಬಿಸಾಡಿದರು. ನಾನು ನನ್ನ ಕೈಯನ್ನೂ ಚಾಚಿದೆ.

ಪಟ್ಟಿ ಇಲ್ಲದವರ ಬದುಕು ಸುಲಭದ್ದಲ್ಲ. ದೊಡ್ಡ ಅಂಗಡಿಗಳ ಬಾಗಿಲು ನಮಗೆ ತೆರೆಯುವುದಿಲ್ಲ. ಗುತ್ತಿಗೆಯವರು ಯಮನೂರಪ್ಪನವರನ್ನು ಕೈಬಿಟ್ಟರು. ಅವರು ಗಾಳಿಸಂಘದಲ್ಲಿ ಕಡಿಮೆ ಪಗಾರಕ್ಕೆ ಸೇರಿದರು. ಗುಡ್ಡದ ಸುತ್ತಿನ ಊರುಗಳವರು ಕೂಡಿ ಕೆಲವು ಯಂತ್ರಗಳನ್ನು ಕೊಂಡು ನಡೆಸುವ ಸಂಘ ಅದು, ಅಲ್ಲಿ ಪಟ್ಟಿ ಕೇಳುವುದಿಲ್ಲ. ಭಂಡಾರದಲ್ಲಿ ನನ್ನನ್ನು ಉಳಿಸಿಕೊಂಡರು, ಆದರೆ ಬಡ್ತಿ ನಿಂತುಹೋಯಿತು. ಉಂಡಿದ್ದ ಮುಂಗೂಳನ್ನು ಆ ಪಗಾರದಲ್ಲೇ ತೀರಿಸಿದೆವು. ನಾವು ವಾರದ ಸಂತೆಗೆ ಚೀಲ ಹಿಡಿದು ನಡೆದೇ ಹೋಗುತ್ತಿದ್ದೆವು. ಪಗಾರ ಬಂದ ಕೂಡಲೇ ಒಂದು ಪಾಲು ತೆಗೆದಿಡುವುದು, ಉಳಿದದ್ದರಲ್ಲಿ ಬಾಳುವುದು ಎಂದುಕೊಂಡೆವು. ಮೊದಲು ಖರ್ಚು ಮಾಡಿ ಉಳಿದದ್ದನ್ನು ಇಡುತ್ತೇವೆಂದರೆ ಏನೂ ಉಳಿಯುವುದಿಲ್ಲ ಎಂಬುದು ಅಷ್ಟರಲ್ಲಿ ಚೆನ್ನಾಗಿ ಗೊತ್ತಾಗಿತ್ತು. ಏನಾದರೂ ಬೇಕೆನಿಸಿದರೆ ಮುಂದಿನ ಅಮಾವಾಸ್ಯೆಯ ತನಕ ಕಾಯುತ್ತಿದ್ದೆವು. ಬಹಳಷ್ಟು ಬಯಕೆಗಳು ಅಷ್ಟರೊಳಗೆ ತಾವೇ ಸಾಯುತ್ತಿದ್ದವು. ಸಾಯದೆ ಉಳಿದದ್ದನ್ನು ಕೊಂಡಾಗ ಅದರ ರುಚಿಯೇ ಬೇರೆ. ಹೊಲಿಗೆಯಂತ್ರವನ್ನು ಓಣಿಯವರೆಲ್ಲ ಕೂಡಿ ಒಂದೇ ಕೊಂಡೆವು. ಬಿಸಿಲೊಲೆಯಲ್ಲಿ ಬೇಳೆ ಬೇಯಲು ಇಟ್ಟು ಕೆಲಸಕ್ಕೆ ಹೋದರೆ ಬರುವಷ್ಟರಲ್ಲಿ ಬೆಂದಿರುತ್ತಿತ್ತು. ಕೂಡಿದ ಹಣದಲ್ಲಿ ಗಾಳಿಸಂಘದ ಷೇರು ಕೊಂಡೆವು. ಗಾಳಿ ಬೀಸಿದಂತೆಲ್ಲ ಅದಕ್ಕೆ ಲಾಭ ಬರುತ್ತಿತ್ತು, ಆ ಲಾಭಕ್ಕೆ ಮತ್ತೆ ಷೇರು. ಮೊದಲ ವರ್ಷಗಳಲ್ಲಿ ಅದು ಬೆಳೆಯುವುದು ಕಣ್ಣಿಗೇ ಕಾಣಲಿಲ್ಲ. ಆಮೇಲೆ ಒಂದು ದಿನ ನೋಡಿದರೆ, ನಾವಿಬ್ಬರೂ ವರ್ಷವಿಡೀ ದುಡಿಯದಿದ್ದರೂ ಮನೆ ನಡೆಯುವಷ್ಟಾಗಿತ್ತು.

ಇಲ್ಲಿಗೆ ನಿಲ್ಲಿಸಿದರೆ ನೀತಿಕತೆಯಾಗುತ್ತಿತ್ತು. ಆದರೆ ಮನೆಯಿಂದ ಹೊರಗೆ ಹಾಕಿದ ಚಡಪಡಿಕೆ ಹಿತ್ತಲ ಬಾಗಿಲಿನಿಂದ ಒಳಗೆ ಬಂತು. ಮೊದಲು ಕೊಳ್ಳದೆ ಇರಲಾಗದಿದ್ದ ಯಮನೂರಪ್ಪನವರಿಗೆ ಈಗ ಉಳಿಸದೆ ಇರಲಾಗದಂತಾಯಿತು. ಉಣ್ಣುವಾಗಲೂ ಎದ್ದು ಹೋಗಿ ಯಾವ ದೀಪ ಉರಿಯುತ್ತಿದೆ ಎಂದು ನೋಡುತ್ತಿದ್ದರು. ಸ್ವಂತ ತಂಗಿಯ ಮಗಳ ಮದುವೆಗೆ ಹೋಗಲಿಲ್ಲ, ಉಡುಗೊರೆ ಕೊಡಬೇಕಾಗುತ್ತದೆಂದು. ಮಗಳು ನೀಲಗಂಗಾ ಬೆರಳು ಮಡಚಿ ಹಳೆಯ ಚಪ್ಪಲಿಯಲ್ಲಿ ನಡೆಯುವುದನ್ನು ನಾನು ಕಂಡೆ. ಹೇಳಿದರೆ "ಇನ್ನೊಂದು ವರ್ಷ ತಾಳು" ಎನ್ನುತ್ತಿದ್ದರು. ಆ ಇನ್ನೊಂದು ವರ್ಷ ಮುಗಿಯುತ್ತಲೇ ಇರಲಿಲ್ಲ.

ಒಂದು ಬಿಸಿಲರಜೆಯಲ್ಲಿ ನಾನು ಪರವಾನಗಿ ಪಡೆದು ಭಂಡಾರದ ತುರ್ತು ಕೆಲಸಕ್ಕೆ ಹೋಗಿದ್ದೆ. ಯಮನೂರಪ್ಪ ತಂಪುಗೋಡೆಯನ್ನು ಬಂದ್ ಮಾಡಿದ್ದರು. ಗೋಡೆಯೊಳಗೆ ನೀರು ಹರಿಸಿ ಮನೆ ತಂಪಾಗಿಡುವ ಏರ್ಪಾಡು ಅದು, ತುಸು ಖರ್ಚಿನದು. ನಾನು ಬಂದಾಗ ಅತ್ತೆ ನೆಲದ ಮೇಲೆ ಬಿದ್ದಿದ್ದರು. ಮಗ ಪಕ್ಕದಲ್ಲಿ ಮೊಣಕಾಲೂರಿ, ಅವರ ಸೆರಗನ್ನೇ ಒದ್ದೆ ಮಾಡಿ ಮುಖ ಒರೆಸುತ್ತ "ಯವ್ವಾ, ಯವ್ವಾ" ಎಂದು ಕೂಗುತ್ತಿದ್ದರು. ದವಾಖಾನೆಯಲ್ಲಿ ಎಚ್ಚರವಾದ ಮೇಲೆ ಅತ್ತೆ ಮೊದಲು ಮಗನನ್ನೇ ಕರೆದರು.

"ಯಮನೂರಾ, ಇಷ್ಟು ರೊಕ್ಕ ಯಾರಿಗಿ ಇಟ್ಟೀಯೋ?"

"ನಮಗ, ಯವ್ವಾ. ಕಷ್ಟಕಾಲಕ್ಕ."

"ಕಷ್ಟಕಾಲ ಬಂದು ನನ್ನ ಎದಿ ಮ್ಯಾಲೆ ಕುಂತಿತ್ತಲ್ಲೋ! ನಿನಗ ಕಾಣಲಿಲ್ಲೇನು?"

ಅವರು ಬೈಯುವ ಧ್ವನಿಯಲ್ಲಿ ಹೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಯಮನೂರಪ್ಪ ಹೊರಗೆ ಹೋಗಿ, ದವಾಖಾನೆಯ ಅಂಗಳದ ಬೇವಿನ ಮರಕ್ಕೆ ಹಣೆ ಒತ್ತಿ ನಿಂತರು. ಮನೆಗೆ ಬಂದ ಮೇಲೆ ತಂಪುಗೋಡೆಯನ್ನು ತಾವೇ ಹಚ್ಚಿದರು. ಮಗಳಿಗೆ ಚಪ್ಪಲಿ ತಂದರು. ಉಳಿತಾಯಕ್ಕೆ ಪಾಲು ತೆಗೆಯುವಂತೆ ಉಣ್ಣಲು, ಉಡಲು, ನಾಲ್ಕು ಜನರ ಮನೆಗೆ ಹೋಗಿ ಬರಲು ಕೂಡ ಪಾಲು ತೆಗೆಯುವುದು ಅಂದಿನಿಂದ ಶುರುವಾಯಿತು. ಅತ್ತೆ ಅದಾದ ಮೇಲೆ ಹಲವು ವರ್ಷ ಬಾಳಿದರು. ಕೊನೆಯ ಬೇಸಿಗೆಯಲ್ಲಿ ಚಾದರ ಬೇಕು, ಬಹಳ ತಂಪಾಗಿದೆ ಎಂದು ಗೊಣಗುತ್ತಿದ್ದರು.

ಈಗ ಹೋದ ವಾರದ ಸಂಗತಿ. ನೀಲಗಂಗಾ ಮಂಜುಬಲೆ ನೇಯುವುದನ್ನು ಕಲಿತಿದ್ದಾಳೆ. ಬೆಳಗಿನ ಜಾವದ ಗಾಳಿಯಿಂದ ನೀರು ಹಿಡಿಯುವ ಬಲೆ, ನಮ್ಮ ಕಾಲದ ಬಾವಿ ಎನ್ನಿ. ಒಂದು ದೊಡ್ಡ ಕಂಪನಿ ಅವಳನ್ನು ಕರೆಯಿತು. ಕೈತುಂಬ ಪಗಾರ, ಇರಲು ಮನೆ. ಕೈಗೆ ಪಟ್ಟಿ. ಅವಳಿಗೆ ಬೇರೆ ಆಸೆಯಿತ್ತು. ಇಬ್ಬರು ಗೆಳತಿಯರ ಜೊತೆ ಇಲ್ಲೇ ಮಗ್ಗ ಹಾಕಿ, ನೀರಿಲ್ಲದ ಊರುಗಳಿಗೆ ಅಗ್ಗದಲ್ಲಿ ಬಲೆ ನೇಯಬೇಕೆಂದು. ಅದಕ್ಕೆ ಬಂಡವಾಳ ಬೇಕಿತ್ತು. ಊಟವಾದ ಮೇಲೆ ತಂದೆಯ ಎದುರು ಕೂತು ಕೇಳಿಯೇಬಿಟ್ಟಳು.

"ನಡೀಲಿಲ್ಲ ಅಂದ್ರ?" ಎಂದರು ಅವರು.

"ರೊಕ್ಕ ಹೋಗತೈತಿ ಅಪ್ಪಾ. ನಿನಗ ಸುಳ್ಳು ಹೇಳಂಗಿಲ್ಲ."

ಅವರು ಎದ್ದು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದರು. ಕೊಡುವುದಿಲ್ಲ ಎನ್ನುತ್ತಾರೆ ಎಂದೇ ನಾನು ನಂಬಿದ್ದೆ. ಅವರು ನಿಂತು, "ಎಲ್ಲಾ ಷೇರು ಮಾರೂಣು. ಅಷ್ಟೂ ತಗೋ" ಎಂದರು.

ಬೇಡವೆಂದವಳು ನಾನು. ನನಗೇ ಆಶ್ಚರ್ಯವಾಯಿತು. "ಅಷ್ಟೂ ಅಲ್ಲ. ನಾವು ಮುದುಕರಾದ ಮ್ಯಾಲೆ ಆಕಿ ಮಗ್ಗ ನಿಲ್ಲಿಸಿ ನಮಗ ಅನ್ನ ಹಾಕಬೇಕಾಗಬಾರದು. ಅರ್ಧ ಕೊಡೂಣು" ಎಂದೆ. ಗಂಡ ನನ್ನನ್ನು ಜಿಪುಣಿ ಎಂದರು. ಆ ಮಾತನ್ನು ಅವರ ಬಾಯಲ್ಲಿ ಕೇಳಿ ನೀಲಗಂಗಾ ನಗಲಾರಂಭಿಸಿದಳು, ನಾನೂ ನಕ್ಕೆ, ಕೊನೆಗೆ ಅವರೂ ನಕ್ಕರು. ಮರುದಿನ ಅರ್ಧ ಷೇರು ಮಾರಿದೆವು. ನೀಲಗಂಗಾ ಕಂಪನಿಯವರಿಗೆ ತಾನು ಬರುವುದಿಲ್ಲವೆಂದು ತಿಳಿಸಿದಳು. ಅವರು ಪಗಾರ ಏರಿಸುತ್ತೇವೆಂದರು. ಅವಳು "ಬ್ಯಾಡ್ರಿ" ಎಂದಳು, ಸಿಟ್ಟಿಲ್ಲದೆ, ಸಂತೆಯಲ್ಲಿ ಬದನೆಕಾಯಿ ಬೇಡವೆಂದಷ್ಟೇ ಹಗುರವಾಗಿ. ಇಷ್ಟು ವರ್ಷ ನಾವು ಕೂಡಿಟ್ಟದ್ದು ಏನೆಂದು ಆಗ ನನಗೆ ತಿಳಿಯಿತು.

ತಿಳಿದರೂ ನೆಮ್ಮದಿ ಬಂದಿಲ್ಲ. ಮಗ್ಗ ಬಂದಿದೆ, ಬಲೆ ಕೇಳಿದವರು ಇನ್ನೂ ಒಂದೇ ಊರಿನವರು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತೇನೆ.

ನಿಮ್ಮಲ್ಲಿ ಒಂದು ಕೇಳಿಕೆ. ಈ ಪಟ್ಟಿಯನ್ನು ಮೊದಲು ಮಾಡಿದವರು ನಿಮ್ಮ ಕಾಲದವರೇ ಎಂದು ಹೇಳುತ್ತಾರೆ. ಅದು ಬಂದಾಗ ಪಟ್ಟಿಯಂತೆ ಕಾಣುವುದಿಲ್ಲವಂತೆ, ಅನುಕೂಲದಂತೆ ಕಾಣುತ್ತದಂತೆ. ಯಾರೋ ನಗುತ್ತ ಬಂದು, ಇನ್ನು ಮೇಲೆ ನೀವು ಕಾಯಬೇಕಾಗಿಲ್ಲ ಎನ್ನುತ್ತಾರೆ. ಕೈ ಚಾಚುವ ಮೊದಲು ಒಂದು ರಾತ್ರಿ ಮಲಗಿ ಎದ್ದು ನೋಡಿ. ಅಷ್ಟು ಪುರುಸೊತ್ತು ನಿಮಗಿನ್ನೂ ಇದೆ.

ಹಿಂದಿನ ಕೋಣೆಯಲ್ಲಿ ಏನೋ ಧಡ್ ಎಂದು ಬಿತ್ತು. ತಂದೆ ಮಗಳು ಇಬ್ಬರೂ ಒಟ್ಟಿಗೆ ಕೂಗಾಡುತ್ತಿದ್ದಾರೆ. ಮಗ್ಗದ ಹಲಗೆಯೇ ಇರಬೇಕು. ನಾನು ಹೋಗದಿದ್ದರೆ ಆಗದು. ಚೆನ್ನಾಗಿ ಬಾಳಿ, ನಮಗೂ ಒಂದಿಷ್ಟು ಉಳಿಸಿ.