ನಲವತ್ತು ಜನಕ್ಕೆ ಹುಲಿ

ಜ. 22, ಬುಧವಾರ
ವಂಡಲೂರು ಝೂನ ಹುಲಿಗೆ ನಡೆಯಲು ಕಲಿಸಿದವನು ನಾನು. ಮಂಗಳೂರಿನಲ್ಲಿ ನನ್ನ ಹುಲಿವೇಷ ನೋಡಿದವರು ಒಪ್ಪುತ್ತಾರೆ. ಈ ಕೋಡಂಬಾಕ್ಕಂ ಹೋಟೆಲಿನಲ್ಲಿ ಮಾತ್ರ ಮೂವತ್ತೊಂದು ವರ್ಷದಿಂದ ಪುಳಿಯೋಗರೆ ಮಾಸ್ಟರ್. ಇವತ್ತೂ ಎಂಟು ಕಿಲೋ ಹುಣಸೆ ಕಿವುಚಿದೆ.

ತಂಗಿ ಸರಸ ತೀರಿಹೋದ ಮೇಲೆ ಈ ಊರಲ್ಲಿ ನಮ್ಮವಳು ಅಂತ ಇರುವುದು ಅವಳ ಮಗಳು ತೃಷಾ ಒಬ್ಬಳೇ. ತಾಂಬರಂನಲ್ಲಿ ಮನೆ. ಭಾನುವಾರ ಜನರನ್ನು ಪಳ್ಳಿಕರಣೆ ಜೌಗಿಗೆ ಕರೆದೊಯ್ದು ಹಕ್ಕಿ ತೋರಿಸುತ್ತಾಳೆ. ಹೋದ ತಿಂಗಳು ಅಲ್ಲಿ ತೊಗಲುಗೊಂಬೆ ಆಡಿಸಿದರಂತೆ. ನನ್ನನ್ನು ಕರೆಯಲಿಲ್ಲ. ಫೋನ್ ಮಾಡಿಯೇ ಐದು ತಿಂಗಳು…

ಜ. 27, ಸೋಮವಾರ
ಕರೆದಳು. ರೈಲಿನ ಗದ್ದಲದೊಳಗಿಂದ ತಮಿಳಿನಲ್ಲೇ ಕೂಗಿ ಹೇಳಿದಳು — “ಮಾಮಾ, ಸಂಡೇ ಉಂಗ ಪುಲಿ ವೇಣುಂ. ನಾರ್ಪದು ಪೇರ್ ವರ್ರಾಂಗ.” ನಿಮ್ಮ ಹುಲಿ ಬೇಕು, ನಲವತ್ತು ಜನ ಬರುತ್ತಾರೆ ಅಂತ.

“ನಲವತ್ತಾ? ನಾಲ್ಕು ಸಾವಿರ ಜನಕ್ಕೆ ಮಾಡಿದವ ಮಾರಾಯ್ತಿ ನಾನು.”

“ಅವ್ವಳವು ವೇಂಡಾಂ ಮಾಮಾ,” ಅಷ್ಟೆಲ್ಲಾ ಬೇಡ ಎಂದು ನಕ್ಕಳು.

ಕೂಡಲೇ ಮಂಗಳೂರಿನಲ್ಲಿ ತಾಸೆ ಬಾರಿಸುವ ಸುರೇಶನಿಗೆ ಫೋನ್. ತಂಡ ಕಟ್ಟಿಕೊಂಡು ಬಾ ಎಂದೆ.

“ಅರುವತ್ತೆರಡರಲ್ಲಿ ಲಾಗ ಹಾಕ್ತೀರಾ ಮೋನಪ್ಪಣ್ಣ?”

“ನೀನು ಬಾರಿಸು. ಬಿದ್ದರೆ ಅದೂ ಒಂದು ಹೆಜ್ಜೆ.”

ಫೆ. 2, ಭಾನುವಾರ, ಮಧ್ಯಾಹ್ನ
ಬೆಳಿಗ್ಗೆ ಏಳಕ್ಕೆ ಜೌಗಿನ ದಂಡೆ. ಹಳದಿ ಮೈ, ಕರಿ ಪಟ್ಟೆ, ಬಾಲ. ನಲವತ್ತು ಜನ ದುರ್ಬೀನು ಹಿಡಿದು ಸದ್ದಿಲ್ಲದೆ ನಿಂತಿದ್ದರು. ನನಗೇ ಕಾಯುತ್ತಿದ್ದಾರೆ ಅಂದುಕೊಂಡೆ. ಸುರೇಶ ತಾಸೆಗೆ ಕೋಲು ಇಟ್ಟ…

ನೀರಲ್ಲಿದ್ದ ರಾಜಹಂಸಗಳೆಲ್ಲಾ ಒಟ್ಟಿಗೆ ಎದ್ದವು. ರೆಕ್ಕೆಯೊಳಗೆ ಅಷ್ಟು ಕೆಂಪು ಇರುತ್ತದೆಂದು ಗೊತ್ತಿರಲಿಲ್ಲ. ಒಂದೂ ಉಳಿಯಲಿಲ್ಲ. ವರ್ಷಕ್ಕೊಮ್ಮೆ ಹಕ್ಕಿ ಎಣಿಸುವ ದಿನವಂತೆ ಇವತ್ತು. ಎಣಿಕೆ ಆಗ ತಾನೇ ಶುರುವಾಗಿತ್ತು.

ತೃಷಾ ಓಡಿ ಬಂದಳು. ಬೈಯಲಿಲ್ಲ. “ಮಾಮಾ… ಪುಲಿ ಇಲ್ಲ. ಪುಳಿ. ಪುಳಿಸಾದಂ. ಟಿಫಿನ್‌ಗೆ.”

ಪುಳಿಯೋಗರೆ. ಇಲ್ಲಿಯ ಮಕ್ಕಳ ಬಾಯಲ್ಲಿ ಲ, ಳ ಎರಡೂ ಒಂದೇ.

“ಹಸಿದವರಿಗೆ ಬಾಲ ಕೊಡ್ಲಾ?” ಅಂದೆ. ಯಾರೋ ಒಬ್ಬರು ನಕ್ಕರು. ಅವಳಲ್ಲ.

ಫೆ. 6, ಗುರುವಾರ
ಬೆನ್ನಿನ ಬಣ್ಣ ಹೋಗಿಲ್ಲ. ಸೀಮೆಎಣ್ಣೆ ಬಟ್ಟೆ ಹಿಡಿದ ಕೈ ಅಲ್ಲಿಗೆ ಎಟುಕುವುದಿಲ್ಲ. ಉಜ್ಜಿಕೊಡಿ ಎಂದು ಯಾರಿಗೆ ಹೇಳಲಿ. ಪಟ್ಟೆಯ ಮೇಲೇ ಷರ್ಟು.

ತೃಷಾಳ ಮೆಸೇಜು ಬಂತು — ಎಷ್ಟು ಖರ್ಚಾಯಿತು ಮಾಮಾ, ನಾನು ಕೊಡುತ್ತೇನೆ ಅಂತ. “ಐನೂರು. ಬಿಡು,” ಎಂದು ಬರೆದೆ. ಈ ಭಾನುವಾರ ನಾನೂ ಬರಲಾ, ಸುಮ್ಮನೆ ನಿಂತು ನೋಡುತ್ತೇನೆ ಎಂದೂ ಬರೆದೆ. ಎರಡು ನೀಲಿ ಗೆರೆ ಬಿದ್ದವು. ಸಂಜೆಯಾಯಿತು. ಉತ್ತರವಿಲ್ಲ.

ಐನೂರಲ್ಲ. ತಾಸೆಯವರು, ಬಸ್ಸು, ಲಾಡ್ಜು, ಬಣ್ಣ… ಇಪ್ಪತ್ತಾರು ಸಾವಿರದ ನಾನೂರು —