ದುರಸ್ತಿ ಆಗಿದೆ

ಮನೆಯಿಂದ,
ಶುಕ್ರವಾರ, ಮಾರ್ಚ್ ೭

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಹೊಸ ಊರಿನ ಪಂಪ್‌ಹೌಸಿನಲ್ಲಿ ಮೆಟ್ಟಿಲು ಕಡಿಮೆ ಅಂತ ನೀನು ಬರೆದಿದ್ದೆ, ಅಮ್ಮ ನಂಬಿಲ್ಲ. ನಾವು ಚೆನ್ನಾಗಿದ್ದೇವೆ, ಅಂದರೆ ಅಮ್ಮ ಬಯ್ಯುತ್ತಿದ್ದಾಳೆ, ನಾನು ಕೇಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಆಫೀಸಿಗೆ ಹೋಗುವಾಗ ನೀರಿನ ಟ್ಯಾಂಕಿನ ಕಡೆ ಕತ್ತೆತ್ತಿದೆ. ಮಟ್ಟ ತೋರಿಸುವ ಪಟ್ಟಿಯ ಮೇಲೆ ನೀನು ಎಳೆದಿದ್ದ ಕೆಂಪು ಗೆರೆ ಇರಲಿಲ್ಲ. ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಒಳಗಿನ ಕೆಂಪು ಇನ್ನೂ ನಸುಗುಲಾಬಿಯಾಗಿ ಇಣುಕುತ್ತಿತ್ತು. "ಕಂಬ ತಡೆಯಲ್ಲ, ಅರ್ಧದ ಮೇಲೆ ಒಂದು ಬಿಂದಿಗೆಯೂ ಬೇಡ" ಅಂತ ರಿಜಿಸ್ಟರಿನಲ್ಲಿ ಬರೆದದ್ದಕ್ಕೇ ಅಲ್ಲವೇ ನಿನ್ನನ್ನು ಅಷ್ಟು ದೂರ ಎತ್ತಿಹಾಕಿದ್ದು? ಶಾಲೆಯ ಬದಿಗಿರುವ ಟ್ಯಾಂಕಿನ ಕಂಬದಲ್ಲಿ ತೇವ ಮೇಲಿಂದ ಇಳಿದು ಈಗ ನನ್ನ ಭುಜದ ಮಟ್ಟಕ್ಕೆ ಬಂದಿದೆ. ಬೆರಳಿಟ್ಟರೆ ಸಿಮೆಂಟು ಹಿಟ್ಟಿನ ಹಾಗೆ ಉದುರುತ್ತದೆ.

ಈ ಟ್ಯಾಂಕಿನ ದುರಸ್ತಿಗೆಂದೇ ಎರಡು ವರ್ಷದಿಂದ ಎಲ್ಲರೂ ಹೆಚ್ಚುವರಿ ತೆರಿಗೆ ಕಟ್ಟುತ್ತಿದ್ದಾರೆ. ಪಕ್ಕದ ಮನೆಯ ಟೈಲರ್ ಅಜ್ಜಿ ಒಂದು ಸಲವೂ ತಪ್ಪಿಸಿಲ್ಲ. "ಆ ಟ್ಯಾಂಕಿನ ಒಂದು ಕಾಲು ನಂದೇ ಕಣೇ, ಯಾವುದು ಅಂತ ನಿಮ್ಮಾಫೀಸಲ್ಲಿ ಕೇಳ್ಕೊಂಡು ಬಾ" ಅನ್ನುತ್ತಾಳೆ. ಮೊದಲು ನಗುತ್ತಿದ್ದೆ.

ನಗರಸಭೆಯಲ್ಲಿ ನನ್ನ ಕೆಲಸ ಬರೀ ಕಾಗುಣಿತ ತಿದ್ದುವುದು ಅಂದುಕೊಂಡಿದ್ದೆ, ಅಪ್ಪಾ. ಹೋದ ತಿಂಗಳು ಅಧ್ಯಕ್ಷರ ಸಾಧನೆಯ ಪುಸ್ತಿಕೆ ನನ್ನ ಮೇಜಿಗೆ ಬಂತು. ಅದರಲ್ಲಿ "ಟ್ಯಾಂಕ್ ದುರಸ್ತಿ ಆಗಲಿದೆ" ಅಂತಿತ್ತು. ಮ್ಯಾನೇಜರು ಕನ್ನಡಕ ಇಳಿಸಿ, "ಓಟು ಕೇಳೋವಾಗ್ಲೂ ಆಗಲಿದೆ, ಗೆದ್ದು ಕೂತ್ಮೇಲೂ ಆಗಲಿದೆ ಅಂದ್ರೆ ಜನ ನಗಲ್ವೇನಮ್ಮ? ಆಗಿದೆ ಅಂತ ಮಾಡು, ಒಂದಕ್ಷರ ಕಮ್ಮಿ ಅಷ್ಟೇ" ಅಂದರು. ಮಾಡಿದೆ. ವ್ಯಾಕರಣದ ಪ್ರಕಾರ ಎಲ್ಲ ಸರಿಯಾಗಿತ್ತು.

ಮೊನ್ನೆ ನಿನ್ನ ಜಾಗಕ್ಕೆ ಬಂದವನು ಆ ಪುಟವನ್ನು ಹರಿದು ರಿಜಿಸ್ಟರಿಗೆ ಅಂಟಿಸಿಕೊಂಡಿದ್ದ. "ನಿಮ್ಮಪ್ಪ ಸುಮ್ನೆ ಹೆದರಿಸ್ತಿದ್ರು ನೋಡಿ, ಅಚ್ಚಲ್ಲೇ ಬಂದಿದೆ" ಅಂತ ಖುಷಿಯಿಂದ ತೋರಿಸಿದ. ಕೆಂಪು ಗೆರೆ ಅಳಿಸಿದವನು ಅವನೇ. ಆದರೆ ಅಳಿಸಲು ಹೇಳಿದ್ದು ನನ್ನ ಅಕ್ಷರ. ಇವತ್ತು ಎಂಜಿನಿಯರ್ ಬಳಿ ಹೋಗಿ ತೇವದ ವಿಷಯ ಹೇಳಿದೆ. ಅವರು ತಲೆಯೆತ್ತದೆ ಅದೇ ಪುಸ್ತಿಕೆ ತೆರೆದು, ನಾನು ತಿದ್ದಿದ ಸಾಲಿನ ಮೇಲೆ ಬೆರಳಿಟ್ಟರು.

ನಾಳೆ ಹತ್ತಕ್ಕೆ ಟ್ಯಾಂಕಿನ ಉದ್ಘಾಟನೆ, ಅಧ್ಯಕ್ಷರು ಗುಂಡಿ ಒತ್ತಿ ಪಂಪು ಚಾಲೂ ಮಾಡುತ್ತಾರೆ. ಭಾಷಣಗಳು ಮುಗಿಯುವಷ್ಟರಲ್ಲಿ ಟ್ಯಾಂಕು ತುಂಬಿ ಹರಿಯಬೇಕಂತೆ. ಶಾಲೆಯ ಮಕ್ಕಳಿಗೆ ಬಿಸಿಲು ತಾಗದಿರಲಿ ಅಂತ ಟ್ಯಾಂಕಿನ ನೆರಳಲ್ಲೇ ಜಮಖಾನ ಹಾಸಿದ್ದಾರೆ. ಸಂಜೆ ಬರುವಾಗ ನೋಡಿದೆ. ಒಂದು ಅಂಚು ಆಗಲೇ ಒದ್ದೆಯಾಗಿತ್ತು.

ಮಾತ್ರೆ ಮರೆಯಬೇಡ. ಮೆಟ್ಟಿಲು ಎಷ್ಟೇ ಇರಲಿ, ಪಕ್ಕದ ಕಂಬಿ ಹಿಡಿದೇ ಹತ್ತು. ಅಮ್ಮ ಸಿಟ್ಟಿನಲ್ಲೇ ನಿನ್ನನ್ನು ಕೇಳಿದ್ದಾಳೆ.

ನಿನ್ನ
ಗುಬ್ಬಿ

ಮರೆತಿದ್ದೆ: ಉಚ್ಚಾರ ಸ್ಪಷ್ಟ ಅಂತ ನಾಳೆ ಪುಸ್ತಿಕೆಯನ್ನು ಮೈಕಿನಲ್ಲಿ ಓದಲು ನನಗೇ ಹೇಳಿದ್ದಾರೆ. ನಾನು ಓದಿ ಮುಗಿಸಿದ ಮೇಲೆಯೇ ಅವರು ಗುಂಡಿ ಒತ್ತುವುದು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನನಗೆ ಈ ಕೆಲಸ ಇರುವುದಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಆ ಸಾಲು ಬಂದಾಗ "ಆಗಿಲ್ಲ" ಅಂತ ಓದುತ್ತೇನೆ. ಅದೂ ಮೂರೇ ಅಕ್ಷರ. ಮಕ್ಕಳು ಎದ್ದು ಆಚೆ ಹೋಗುವವರೆಗೆ ಅದನ್ನೇ ಓದುತ್ತಿರುತ್ತೇನೆ.