ಉಳಿದ ಎರಡು ಬಿಲ್ಲೆ

ಫೆಬ್ರವರಿ 11, ಬೆಳಿಗ್ಗೆ

ಅಕ್ಕನ ಮನೆಗೆ ಹೋಗಿ ಬಂದೆ. ಭಾವನವರ ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರ್ ಹಾಕಿ, ಪೇಪರಿನ ಮೊದಲ ಪುಟ ಓದಿ ಹೇಳಿದ್ದು. ದಿನದ ಕೆಲಸ. ಎರಡು ವರ್ಷವಾಯಿತು ಅವರು ಹಾಸಿಗೆ ಹಿಡಿದು. ಎಡಭಾಗದಲ್ಲಿ ಸ್ವಾಧೀನವಿಲ್ಲ; ಮಾತು ಅರ್ಧ.

ಮಂಚದ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇನ್ನೂ ಇವೆ. ಹೋದ ಮಳೆಗಾಲದಲ್ಲಿ ಇಟ್ಟದ್ದು. ತೆಗೆಯಲೇ ಎಂದೆ. "ತೆಗೆದು ಏನ್ಮಾಡ್ತೀಯೋ? ಜೂನ್‌ಗೆ ಮತ್ತೆ ಇಡೋದೇ ತಾನೆ" ಎಂದಳು ಅಕ್ಕ.

ಗೋಡೆಯ ಮೇಲೆ ನೀರು ನಿಂತ ಗೆರೆ. ಸುಣ್ಣ ಹೊಡೆದರೂ ಮೂಡಿಕೊಳ್ಳುತ್ತದೆ. ಇಡೀ ಬಡಾವಣೆಯ ಮಳೆನೀರು ಇಳಿದು ಬರುವುದು ಅಕ್ಕನ ಈ ಕೆಳಗಿನ ಬೀದಿಗೆ. ಹೊರಹೋಗಲು ರಸ್ತೆಯಡಿ ಒಂದೇ ಪೈಪು. ಅದನ್ನು ಹೂಳಿದ ದಿನ ನಾನು ನೋಡುತ್ತ ನಿಂತಿದ್ದೆ—ಮೂವತ್ತೊಂದು ವರ್ಷದ ಹಿಂದೆ. ಆಗ ಮೇಲಿನ ಬೀದಿಯಲ್ಲಿ ಒಂಬತ್ತು ಮನೆ. ಈಗ ನೂರಾ ನಲವತ್ತು. ಪೈಪು ಅದೇ.

ಭಾವನವರನ್ನು ನಮ್ಮ ಮನೆಗೆ ಕರೆತರೋಣವೆಂದರೆ ನಮ್ಮದು ಮೂರನೇ ಮಹಡಿ. ಲಿಫ್ಟ್ ಇಲ್ಲ.

ಫೆಬ್ರವರಿ 14

ಸಮುದಾಯ ಭವನದ ಬಾಗಿಲಿಗೆ ನೋಟಿಸು. ಈ ಸಲದ ಅಭಿವೃದ್ಧಿ ಫಂಡ್ ಒಂದೇ ಕೆಲಸಕ್ಕೆ ಸಾಕಂತೆ. ಯಾವುದೆಂದು ನಿವಾಸಿಗಳೇ ಓಟು ಹಾಕಿ ಆರಿಸಬೇಕು. ಮಾರ್ಚ್ 2ಕ್ಕೆ. ಪಟ್ಟಿಯಲ್ಲಿ ಆರು: ಕೆಳಗಿನ ಬೀದಿಗೆ ದೊಡ್ಡ ಪೈಪು, ಪಾರ್ಕಿಗೆ ದೀಪ, ಫುಟ್‌ಪಾತಿಗೆ ಟೈಲ್ಸ್, ಪಾರ್ಕಿಂಗ್ ಜಾಗ, ವಾಚನಾಲಯದ ಸೋರುವ ಮಾಡು. ಆರನೆಯದು ವೃತ್ತದಲ್ಲಿ ಗಡಿಯಾರದ ಕಂಬ!

ಗಡಿಯಾರ ಕೇಳಿದವರು ಯಾರು? ನಿವಾಸಿಗಳ ಸಂಘದ ಅಧ್ಯಕ್ಷನನ್ನೇ ವಿಚಾರಿಸಿದೆ. (ಭಾಷಣಕ್ಕೆ ಕೈಗೆ ಬಂದ ಮೈಕನ್ನು ಬಿಡುವುದಿಲ್ಲವೆಂದು ಊರೆಲ್ಲ ಅವನನ್ನು 'ಮೈಕ್' ಎನ್ನುತ್ತದೆ.) "ಯಾರೂ ಕೇಳಿಲ್ಲ ಸ್ವಾಮಿ. ಫಾರಂನಲ್ಲಿ ಆರು ಸಾಲು ಇತ್ತು. ಒಂದು ಖಾಲಿ ಬಿಟ್ರೆ ಆಫೀಸಿನವರು ವಾಪಸ್ ಕಳಿಸ್ತಾರೆ. ತೋಚಿದ್ದು ಬರೆದೆ."

ಓಟಿನ ಕ್ರಮ ಹಳೆಯದೇ. ತಲೆಗೆ ಮೂರು ಪ್ಲಾಸ್ಟಿಕ್ ಬಿಲ್ಲೆ, ಆರು ಮುಚ್ಚಿದ ತಗಡಿನ ಡಬ್ಬ. ಮೂರು ಬಿಲ್ಲೆ ಮೂರು ಬೇರೆ ಡಬ್ಬಕ್ಕೆ ಹಾಕಬೇಕು. ಒಂದನ್ನೂ ಉಳಿಸಿಕೊಂಡು ಹೊರಗೆ ಹೋಗುವಂತಿಲ್ಲ. ಈ ನಿಯಮ ನನ್ನದು. ಏಳು ವರ್ಷದ ಹಿಂದೆ, ಕೊನೆಯ ಸಲ ಫಂಡ್ ಬಂದಾಗ, ಮೇಲಿನ ಬೀದಿಯವರು ಮೂರೂ ಬಿಲ್ಲೆಯನ್ನು ಒಂದೇ ಡಬ್ಬಕ್ಕೆ ಸುರಿದು ಟೆನಿಸ್ ಅಂಗಳ ಮಾಡಿಸಿಕೊಂಡರು. ಸಾಲದ್ದಕ್ಕೆ ಮೈಕ್ ತನಗೆ ಸಮಾಧಾನವಾಗುವ ತನಕ ಮೂರು ಸಲ ಎಣಿಸಿದ. ನಾಲ್ಕು ಪುಟದ ಪತ್ರ ಬರೆದೆ. ಒಂದೇ ವಿಷಯಕ್ಕೆ ಅಂಟಿಕೊಂಡವನು ನಾಗರಿಕನಲ್ಲ, ಗಿರಾಕಿ... ಎಂದೆಲ್ಲ. ಒಮ್ಮೆ ಎಣಿಸಿದ್ದನ್ನು ಮತ್ತೆ ಎಣಿಸಬಾರದು ಎಂದೂ ಬರೆದೆ. ಎರಡೂ ಒಪ್ಪಿಗೆಯಾದವು. ಆ ಸಂಜೆ ಹೆಂಡತಿಗೆ ಇಡೀ ಪತ್ರ ಓದಿ ಹೇಳಿದ್ದೆ, ಪಾಪ.

ಫೆಬ್ರವರಿ 20

ದರ್ಜಿಯ ಅಂಗಡಿಯಲ್ಲಿ ಒಂದು ಗಂಟೆ. ಅಕ್ಕನ ಎದುರು ಮನೆಯವನು. ಹೋದ ವರ್ಷ ಹೊಲಿದಿಟ್ಟ ಬಟ್ಟೆಯೆಲ್ಲ ಕೆಸರಾಗಿ, ಗಿರಾಕಿಗಳ ಕೈಯಲ್ಲಿ ಮರ್ಯಾದೆ ಕಳೆದುಕೊಂಡ. ಈ ಸಲ ಬೀದಿಯವರನ್ನೆಲ್ಲ ಒಟ್ಟುಗೂಡಿಸಿದ್ದಾನೆ. ಐವತ್ತು ಓಟು.

"ಪೈಪಿಗೆ ಒಂದು ಬಿಲ್ಲೆ ಹಾಕ್ತೀವಿ ಸಾರ್, ಅದು ಸರಿ. ಉಳಿದ ಎರಡು?"

ಅದೇ ತೊಡಕು. ಪಾರ್ಕಿನ ದೀಪಕ್ಕೆ ಹಾಕಿದರೆ ಎದುರಾಳಿಗೆ ನಾವೇ ಬಲ ಕೊಟ್ಟಂತೆ. ಟೈಲ್ಸಿಗೂ ಅಷ್ಟೆ.

"ಗೆಲ್ಲದಿರೋ ಡಬ್ಬಕ್ಕೆ ಹಾಕಿ" ಎಂದೆ. "ಗಡಿಯಾರಕ್ಕೊಂದು. ವಾಚನಾಲಯಕ್ಕೊಂದು."

"ವಾಚನಾಲಯ ನಿಮ್ಮದೇ ಅಲ್ವಾ ಸಾರ್?"

ಹೌದು. ಮೂವತ್ನಾಲ್ಕು ವರ್ಷ ಅಲ್ಲಿ ಪುಸ್ತಕಗಳಿಗೆ ನಂಬರು ಬರೆದವನು ನಾನು. ಈಗಲೂ ಮಳೆ ಬಂದಾಗ ಬಕೆಟ್ ಇಡಲು ಓಡುವವನು ನಾನೇ. "ಅದು ಗೆಲ್ಲಲ್ಲ ಬಿಡಿ" ಎಂದೆ. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ನಕ್ಕ: "ಓದಿದವರ ತಲೆ ಸಾರ್. ನಮಗೆ ಹೊಳೀತಿರ್ಲಿಲ್ಲ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. "ಅಲ್ರೀ, ನಿಮಗೆ ಹೊಳೆದದ್ದು ಮೇಲಿನ ಬೀದಿಯವರಿಗೆ ಹೊಳೆಯಲ್ವಾ?"

ಹೊಳೆದರೇನು ಎಂದೆ. ಅವಳು ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದಳು.

ಮಾರ್ಚ್ 2, ಮಧ್ಯಾಹ್ನ 1.30

ಊಟಕ್ಕೆ ಬಂದಿದ್ದೇನೆ. ಬೆಳಿಗ್ಗೆಯಿಂದ ಸಮುದಾಯ ಭವನದಲ್ಲಿ ಡಬ್ಬಗಳ ಪಕ್ಕದ ಕುರ್ಚಿಯಲ್ಲಿ ವೀಕ್ಷಕನಾಗಿ ಕೂತಿದ್ದೆ. ಎಲ್ಲ ಶಿಸ್ತು. ಒಬ್ಬರೂ ಬಿಲ್ಲೆ ಉಳಿಸಿಕೊಂಡು ಹೋಗಲಿಲ್ಲ.

ಅಕ್ಕ ಹನ್ನೊಂದಕ್ಕೆ ಬಂದಳು, ಭಾವನವರ ಹತ್ತಿರ ದರ್ಜಿಯ ಹೆಂಡತಿಯನ್ನು ಕೂರಿಸಿ. ಇಸ್ತ್ರಿ ಬಟ್ಟೆ, ಬಾಚಿದ ತಲೆ. ಮನೆಯಿಂದ ಅಷ್ಟು ದೂರ ಬಂದು ಎಷ್ಟು ತಿಂಗಳಾಯಿತೋ. ಪೈಪಿನ ಡಬ್ಬಕ್ಕೆ ಹಾಕುವಾಗ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡಳು. ಮತ್ತೆರಡನ್ನು ಸರಸರ ಹಾಕಿ ನನ್ನತ್ತ ತಿರುಗಿ, "ನೀನು ಹೇಳ್ದಂಗೇ ಹಾಕಿದೀನಿ ಕಣೋ" ಎಂದಳು. ಇಡೀ ಭವನಕ್ಕೆ ಕೇಳುವಂತೆ! ಮೈಕ್ ಹುಬ್ಬೇರಿಸಿದ.

ಒಂದು ಸಣ್ಣ ವಿಷಯ. ಬೆಳಿಗ್ಗೆ ಗಡಿಯಾರದ ಡಬ್ಬದಲ್ಲಿ ಬಿಲ್ಲೆ ಬಿದ್ದರೆ ಟಣ್ ಎನ್ನುತ್ತಿತ್ತು. ಹನ್ನೆರಡರ ಹೊತ್ತಿಗೆ ಮೆತ್ತನೆಯ ಸದ್ದು.

ಅದೇ ದಿನ, ಸಂಜೆ 7

212 ಜನ. 636 ಬಿಲ್ಲೆ.

ವಾಚನಾಲಯ 53. ಪಾರ್ಕಿಂಗ್ 68. ಟೈಲ್ಸ್ 97. ಪೈಪು 119. ದೀಪ 128.

ಗಡಿಯಾರ 171.

ಯಾರೋ ನಕ್ಕರು. ದೀಪದವರು ಟೈಲ್ಸಿನವರ ಮುಖ ನೋಡಿದರು, ಟೈಲ್ಸಿನವರು ನಮ್ಮದನ್ನು. ಎಲ್ಲರೂ ಒಂದೇ ಲೆಕ್ಕ ಹಾಕಿದ್ದರು. ಎಲ್ಲರೂ ಗೆಲ್ಲದ ಡಬ್ಬವನ್ನೇ ಹುಡುಕಿದ್ದರು. ನಾನೂ. ಆ 171ರಲ್ಲಿ ನನ್ನದೊಂದು, ಹೆಂಡತಿಯದೊಂದು, ಅಕ್ಕನದೊಂದು.

ಎದ್ದು ನಿಂತೆ. ಇದು ಯಾರ ಇಚ್ಛೆಯೂ ಅಲ್ಲ, ಇಲ್ಲೇ ಕೈ ಎತ್ತಿಸಿ ನೋಡಿ, ಗಡಿಯಾರ ಬೇಕೆನ್ನುವವನು ಒಬ್ಬನಿದ್ದಾನೆಯೇ ಎಂದೆ. ಚಪ್ಪಾಳೆ ಕೂಡ ಬಿತ್ತು. ಮೈಕ್ ಫೈಲು ಬಿಡಿಸಿ ಒಂದು ಹಾಳೆ ತೆಗೆದ. ಓದಿದ. "ಒಮ್ಮೆ ಎಣಿಸಿ ಘೋಷಿಸಿದ ಫಲಿತಾಂಶವನ್ನು ಯಾವ ಕಾರಣಕ್ಕೂ, ಎಷ್ಟೇ ಜನ ಒತ್ತಾಯಿಸಿದರೂ, ಮತ್ತೆ ಕೆದಕತಕ್ಕದ್ದಲ್ಲ." ಹಾಳೆಯನ್ನು ನನ್ನತ್ತ ತಿರುಗಿಸಿದ. "ನಿಮ್ಮದೇ ಅಕ್ಷರ ಸ್ವಾಮಿ. ಮುತ್ತಿನಂಥ ಅಕ್ಷರ."

ಎಷ್ಟೇ ಜನ ಒತ್ತಾಯಿಸಿದರೂ... ಅದನ್ನು ಬರೆದ ದಿನ ಎಂಥ ಹುರುಪು ನನಗೆ.

ಮಾರ್ಚ್ 3

ಅಕ್ಕನಿಗೆ ಹೇಗೆ ಹೇಳಲಿ ಎಂದುಕೊಂಡು ಹೋದೆ. ದರ್ಜಿ ಆಗಲೇ ಹೇಳಿದ್ದ. ಅವಳು ಭಾವನವರಿಗೆ ಗಂಜಿ ಕುಡಿಸುತ್ತಿದ್ದಳು. ಬಟ್ಟಲು ತೊಳೆದಿಟ್ಟು ಬಂದು ಕೇಳಿದಳು: "ಇಟ್ಟಿಗೆ ಎಲ್ಲಿ ಸಿಗತ್ತೋ? ಇನ್ನೊಂದೆಂಟು ಬೇಕು."

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 9

ವಾರ್ಡ್ ಕಚೇರಿ. ಇಂಜಿನಿಯರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಭ್ಯಸ್ಥೆ. ಪೈಪಿನ ನಕ್ಷೆ ತರಿಸಿ ನೋಡಿದಳು. "ನೀವು ಹೇಳ್ತಿರೋದು ನೂರಕ್ಕೆ ನೂರು ಸರಿ ಅಂಕಲ್. ನಾನೇ ಆರಿಸೋ ಹಾಗಿದ್ರೆ ಇದನ್ನೇ ಮಾಡ್ತಿದ್ದೆ. ಆದ್ರೆ ಜನರ ತೀರ್ಮಾನ ಅಂತ ಒಂದಿದೆಯಲ್ಲ."

ಈ ಮೇಜಿನ ಮುಂದೆ ಇಷ್ಟು ವರ್ಷ ಅದೇ ವಾಕ್ಯವನ್ನು ನಾನು ಕೂಗಿ ಹೇಳಿದ್ದೇನೆ. ಈಗ ಆ ಕಡೆಯಿಂದ ಬಂತು.

ಮುಂದಿನ ಫಂಡ್ ಬೇಗ ಎಂದರೂ ಎರಡು ವರ್ಷಕ್ಕೆ. ಅಲ್ಲಿಯವರೆಗೆ ಮರಳಿನ ಚೀಲ ಕೊಡಿಸುವಳಂತೆ. ಅರ್ಜಿ ಬರೆಯಲು ಹೇಳಿದಳು. ಪೆನ್ನು ತೆಗೆದೆ. ಬರೆದದ್ದು ಎರಡೇ ಸಾಲು.

ಜೂನ್ 6

ಮೂರು ತಿಂಗಳು ಏನೂ ಬರೆದಿಲ್ಲ. ಬರೆಯಲು ಏನಿತ್ತು?

ಇವತ್ತು ಗಡಿಯಾರ ಓಡಿತು. ಮೈಕ್ ಭಾಷಣ ಮಾಡಿದ. ನಾನು ಹೋಗಲಿಲ್ಲ, ಅಕ್ಕನ ಮನೆಯಲ್ಲಿ ಭಾವನವರ ಉಗುರು ಕತ್ತರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅವರು ಬಲಗೈ ಎಳೆದುಕೊಂಡು ಕಿಟಕಿಯತ್ತ ಚಾಚಿದರು.

ಕಾಣುತ್ತದೆ! ಮಂಚದಿಂದ, ದರ್ಜಿಯ ಮನೆಯ ಮಾಡಿನ ಮೇಲಿನಿಂದ, ಗಡಿಯಾರದ ಮುಖ ಪೂರ್ತಿ. "ಹನ್ನೊಂದು... ಹತ್ತು" ಎಂದರು. ಅವರು ರೈಲ್ವೆ ಗಾರ್ಡ್ ಆಗಿದ್ದವರು. ಮೂವತ್ತು ವರ್ಷ ಗಂಟೆ ನೋಡಿ ಹಸಿರು ಬಾವುಟ ಬೀಸಿದವರು. ಎರಡು ವರ್ಷದಲ್ಲಿ ಅವರ ಬಾಯಲ್ಲಿ ಅಷ್ಟು ಸ್ಪಷ್ಟವಾಗಿ ಬಂದ ಮಾತು ಅದೇ ಮೊದಲು.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನೋಡು, ಇವರೊಬ್ಬರಿಗಾದ್ರೂ ಬೇಕಿತ್ತು."

ಖುಷಿಪಡಲೋ ಬೇಡವೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಜೂನ್ 28

ಮರಳಿನ ಚೀಲ ಬಂದಿಲ್ಲ. ಫೋನ್ ಮಾಡಿದರೆ ಇಂಜಿನಿಯರಿಗೆ ವರ್ಗವಾಗಿದೆ ಎಂದರು.

ಜುಲೈ 17, ಮಧ್ಯಾಹ್ನ 2.15

ಅಕ್ಕನ ಮನೆ. ಬೆಳಿಗ್ಗೆ ಹತ್ತರಿಂದ ಬಿಟ್ಟೂಬಿಡದೆ ಸುರಿಯುತ್ತಿದೆ. ಪೈಪಿನ ಬಾಯಿ ನೀರನ್ನು ಒಳಗೆ ಎಳೆಯುತ್ತಿಲ್ಲ, ಹೊರಗೆ ಉಗುಳುತ್ತಿದೆ. ಮೆಟ್ಟಿಲು ಎರಡು ಮುಳುಗಿವೆ. ಇನ್ನೊಂದು ಬಾಕಿ. ಭಾವನವರು ಹತ್ತು ನಿಮಿಷಕ್ಕೊಮ್ಮೆ ಗಂಟೆ ಹೇಳುತ್ತಿದ್ದಾರೆ.

2.40

ಒಳಗೆ ಬಂತು. ದರ್ಜಿ ಓಡಿ ಬಂದ. ಅವನೂ ನಾನೂ ಮಂಚದ ಒಂದೊಂದೇ ಮೂಲೆ ಎತ್ತಿದೆವು, ಅಕ್ಕ ಇಟ್ಟಿಗೆ ತಳ್ಳಿದಳು. ಈಗ ನಾಲ್ಕು ನಾಲ್ಕು. ಇನ್ನು ಇಟ್ಟಿಗೆ ಇಲ್ಲ.

ಆಂಬುಲೆನ್ಸಿಗೆ ಫೋನ್. "ಬೀದಿಯೊಳಗೆ ಬರಕ್ಕಾಗಲ್ಲ ಸಾರ್. ಗಡಿಯಾರದ ಕಂಬದ ಹತ್ರ ನಿಂತಿರ್ತೀವಿ. ಅಲ್ಲಿಗೆ ಎತ್ಕೊಂಡು ಬನ್ನಿ." ಕರೆಂಟು ಹೋಯಿತು.

3.15

ಮಂಡಿಯವರೆಗೆ. ದರ್ಜಿ ತನ್ನ ಅಂಗಡಿಯ ಬಾಗಿಲು ಕಳಚಿ ತರಲು ಹೋಗಿದ್ದಾನೆ. ಅದರ ಮೇಲೆ ಮಲಗಿಸಿ ಹೊರೋಣವೆಂದು. ನಾಲ್ಕು ಜನ ಬೇಕು. ಇಲ್ಲಿರುವುದು ಎಪ್ಪತ್ತನಾಲ್ಕರ ಅಕ್ಕ, ಅರವತ್ತೊಂಬತ್ತರ ನಾನು. ಉಳಿದ ಮನೆಗಳವರೆಲ್ಲ ತಮ್ಮ ತಮ್ಮವರನ್ನು ಎತ್ತುತ್ತಿದ್ದಾರೆ. ಮೈಕಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಅಲಮಾರಿಯ ಮೇಲೆ ಪುಸ್ತಕವಿಟ್ಟುಕೊಂಡು ನಿಂತು ಬರೆಯುತ್ತಿದ್ದೇನೆ. ಬೇರೇನು ಮಾಡಲಿ ತಿಳಿಯದೆ. ನಾಲ್ಕನೇ ಇಟ್ಟಿಗೆ ಕಾಣುತ್ತಿಲ್ಲ. ಹಾಸಿಗೆಯ ಅಂಚು ಒದ್ದೆ.

ಅಕ್ಕ ಕೂಗುತ್ತಿದ್ದಾಳೆ: "ಬರೆದದ್ದು ಸಾಕು ಕಣೋ! ಕಾಲು ಹಿಡ್ಕೋ ಬಾ!"

ಭಾವನವರು ಕಿಟಕಿಯತ್ತ ನೋಡಿ, ಮೂರು... ಇಪ್ಪ